ಕೀ ತಿರುಗಿಸಿದ್ರೆ ಟಕ್ ಟಕ್ ಟಕ್

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಮನೆಯಿಂದ ಫೋನ್ ಬಂತು. "ರೀ, ಅತ್ತೆಗೆ ಎದೆ ಒತ್ತಿದ ಹಾಗೆ ಆಗ್ತಿದೆಯಂತೆ. ತುಂಬಾ ಬೆವರ್ತಿದ್ದಾರೆ. ಕೆಳಗೆ ಕರ್ಕೊಂಡು ಬಂದಿದೀನಿ, ಕಾರ್ ಸ್ಟಾರ್ಟೇ ಆಗ್ತಿಲ್ಲ." ಆ ಕಡೆಯಿಂದ ಸದ್ದು ನನಗೂ ಕೇಳಿಸ್ತು. ಟಕ್ ಟಕ್ ಟಕ್ ಟಕ್. ಎಂಜಿನ್ ತಿರುಗೋ ಸದ್ದಲ್ಲ, ಒಳಗೆಲ್ಲೋ ಉಗುರಲ್ಲಿ ಕುಟ್ಟಿದಂಥ ಸದ್ದು.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಮುಖ್ಯರಸ್ತೆಗೆ ಓಡಿ ಆಟೋ ಹಿಡ್ಕೊಂಡು ಬಂದ್ರು. ಆಸ್ಪತ್ರೆ ಹತ್ತಿರವೇ ಇತ್ತು. ಇಸಿಜಿ ಆಯ್ತು, ರಾತ್ರಿಯಿಡೀ ಇಟ್ಕೊಂಡು ನೋಡಿದ್ರು, ಮರುದಿನ ಕಳಿಸಿದ್ರು. ಅಮ್ಮ ಈಗ ಚೆನ್ನಾಗಿದ್ದಾರೆ. ಇಂಥ ಹೊತ್ತಲ್ಲಿ ಮೊದಲು 108ಕ್ಕೆ ಫೋನ್ ಮಾಡ್ಬೇಕಿತ್ತು, ಅದು ಬೇರೆ ಮಾತು. ಆದ್ರೆ ನನ್ನ ತಲೇಲಿ ಉಳಿದಿದ್ದು ಆ ಟಕ್ ಟಕ್. ದಿನಾ ರಾತ್ರಿ ಕ್ಯಾಮೆರಾ ಮುಂದೆ ಕೂತು ಮಂತ್ರಿಗಳನ್ನ, ಅಧಿಕಾರಿಗಳನ್ನ "ನಿಮ್ಮ ಕಣ್ಣ ಮುಂದೆ ಇದ್ದದ್ದು ನಿಮಗೆ ಯಾಕೆ ಕಾಣ್ಲಿಲ್ಲ ಸ್ವಾಮಿ?" ಅಂತ ಕೇಳೋನು ನಾನು. ನನ್ನದೇ ಕಾರಿನ ಬಾನೆಟ್ ಎತ್ತಿ ನೋಡಿ ಎಷ್ಟು ದಿನ ಆಗಿತ್ತು? ನೆನಪೇ ಇಲ್ಲ.

ಅದೇನು ಹಳೇ ಡಕೋಟಾ ಗಾಡಿ ಅಲ್ಲ. ನಾಲ್ಕು ವರ್ಷದ ಪೆಟ್ರೋಲ್ ಕಾರು, ಎರಡು ವರ್ಷದ ಬ್ಯಾಟರಿ. ಓಡೋದೂ ಕಡಿಮೆ. ಆಫೀಸಿಗೆ ನನಗೆ ಆಫೀಸ್ ಕ್ಯಾಬ್ ಬರುತ್ತೆ. ಕಾರು ಇರೋದು ಬೆಳಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು, ಮಧ್ಯಾಹ್ನ ಕರ್ಕೊಂಡು ಬರೋದಕ್ಕೆ. ಎರಡು ಕಿಲೋಮೀಟರ್ ಹೋಗೋದು, ಎರಡು ಕಿಲೋಮೀಟರ್ ಬರೋದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳೋವಾಗ ನಾವೆಲ್ಲ ಏನಂತೀವಿ? "ಕಡಿಮೆ ಓಡಿದ ಗಾಡಿ, ಒಳ್ಳೇ ಕಂಡೀಷನ್ನಲ್ಲಿರುತ್ತೆ." ಟೈರಿಗೆ ಆ ಮಾತು ಸರಿ. ಬ್ಯಾಟರಿಗೆ ಅದು ಪೂರಾ ಉಲ್ಟಾ.

ಮಾರನೇ ದಿನ ಒಬ್ಬರು ಬಂದ್ರು. ಬಾನೆಟ್ ಎತ್ತಿದ್ರು, ಕೀ ತಿರುಗಿಸಿದ್ರು, "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದ್ರು. ಮೀಟರ್ ಇಟ್ಟು ನೋಡ್ಲಿಲ್ಲ, ಏನೂ ಕೇಳ್ಲಿಲ್ಲ. ಅವರು ಹೇಳಿದ ರೇಟಿಗೆ ನಾನು ಒಪ್ಪಿಬಿಡೋನಿದ್ದೆ. ಅಷ್ಟರಲ್ಲಿ ಅಲ್ಲೇ ನಿಂತಿದ್ದ ನೀರಿನ ಟ್ಯಾಂಕರ್ ಡ್ರೈವರ್, "ಸಾರ್, ಎರಡು ವರ್ಷಕ್ಕೆಲ್ಲ ಹೋಗಲ್ಲ, ಬೇರೆ ಕಡೆ ತೋರಿಸಿ" ಅಂದ. ಪುಣ್ಯಾತ್ಮ. ರಸ್ತೆ ಬದಿಯ ಸಣ್ಣ ಬ್ಯಾಟರಿ ಅಂಗಡಿಗೆ ಹೊತ್ಕೊಂಡು ಹೋದೆ. ಅಂಗಡಿಯವರು ಮೀಟರ್ ಇಟ್ರು. 11.7 ವೋಲ್ಟ್. "ಇದು ಸತ್ತಿಲ್ಲ ಸಾರ್, ಉಪವಾಸ ಇದೆ. ರಾತ್ರಿಯಿಡೀ ನಿಧಾನಕ್ಕೆ ಚಾರ್ಜಿಗೆ ಹಾಕ್ತೀನಿ. ದಿನಾ ಎಷ್ಟು ದೂರ ಓಡಿಸ್ತೀರಿ?" ಹೇಳಿದೆ. ನಕ್ಕರು.

ಆಮೇಲೆ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಲೆಕ್ಕ ಹಾಕಿದ್ವಿ. ಆ ಲೆಕ್ಕ ನಿಮ್ಮ ಮುಂದೆ ಇಡ್ತೀನಿ, ಯಾಕಂದ್ರೆ ನನ್ನ ಹಾಗೆ ಕಾರು ಓಡಿಸೋರು ಈ ಊರಲ್ಲಿ ಲಕ್ಷಗಟ್ಟಲೆ ಇದ್ದೀರಿ.

ಬ್ಯಾಟರಿ ಅಂದ್ರೆ ಸೇವಿಂಗ್ಸ್ ಅಕೌಂಟ್ ಅಂದ್ಕೊಳ್ಳಿ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್. ಅಂದ್ರೆ 1 ಆಂಪಿಯರ್‌ನ ಹಾಗೆ 35 ಗಂಟೆ ಕೊಡೋವಷ್ಟು ದುಡ್ಡು ಅದರಲ್ಲಿದೆ. ಎಂಜಿನ್ ಓಡ್ತಿರುವಾಗ ಬೆಲ್ಟಿನಿಂದ ತಿರುಗೋ ಆಲ್ಟರ್ನೇಟರ್, ಅಂದ್ರೆ ನಮ್ಮ ಮೆಕ್ಯಾನಿಕ್‌ಗಳು ಡೈನಮೋ ಅಂತಾರಲ್ಲ ಅದು, ಈ ಅಕೌಂಟಿಗೆ ಜಮಾ ಮಾಡುತ್ತೆ. ಮಿಕ್ಕಿದ್ದೆಲ್ಲ ಖರ್ಚು.

ಈಗ ಎಲ್ಲರೂ ನಂಬಿರೋ ಒಂದು ಮಾತು: ಸೆಲ್ಫ್ ಹೊಡೆದಾಗಲೇ ಬ್ಯಾಟರಿ ಖಾಲಿಯಾಗೋದು ಅಂತ. ಸ್ಟಾರ್ಟರ್ ಮೋಟರ್ ದೊಡ್ಡ ಕರೆಂಟ್ ಎಳೆಯೋದು ನಿಜ. 150 ಆಂಪಿಯರ್ ಅಂತ ಇಟ್ಕೊಳ್ಳಿ. ಆದ್ರೆ ಎಷ್ಟು ಹೊತ್ತು? ಎರಡು ಸೆಕೆಂಡ್. ಲೆಕ್ಕ ಹಾಕಿದ್ರೆ ಅದು 1 ಆಂಪಿಯರ್ ಅವರ್‌ನ ಹನ್ನೆರಡರಲ್ಲಿ ಒಂದು ಭಾಗ! ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಮಾಡಿದ್ರೂ ಮೂರರಲ್ಲಿ ಒಂದು ಭಾಗ. ಹಾಗಾದ್ರೆ ಕಳ್ಳ ಯಾರು?

ಒಬ್ಬ ಕಳ್ಳ ನಿಂತ ಕಾರಿನೊಳಗೇ ಇದ್ದಾನೆ. ಕಾರು ಲಾಕ್ ಮಾಡಿ ನೀವು ಮಲಗಿದ್ರೂ ಅದು ಮಲಗಿರಲ್ಲ. ರಿಮೋಟ್ ಲಾಕ್ ನಿಮ್ಮ ಕೀ ಸಿಗ್ನಲ್‌ಗೆ ಕಾಯ್ತಿರುತ್ತೆ, ಅಲಾರಂ ಎಚ್ಚರ ಇರುತ್ತೆ, ಗಡಿಯಾರ ನಡೀತಿರುತ್ತೆ, ಕಂಪ್ಯೂಟರ್ ತನ್ನ ನೆನಪು ಕಾಪಾಡ್ಕೊಂಡಿರುತ್ತೆ. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್. 40 ಅಂದ್ರೂ ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್ ಅವರ್. ಮುಟ್ಟದೇ ಬಿಟ್ರೆ ಹದಿನೆಂಟು ದಿನಕ್ಕೆ ಅರ್ಧ ಅಕೌಂಟ್ ಖಾಲಿ. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಮಾರ್ಚ್ ಕೊನೇಲಿ ನಿಲ್ಲಿಸಿದ ಕಾರುಗಳು ಮೇ ತಿಂಗಳಲ್ಲಿ ನಮ್ಮ ಬೀದೀಲಿ ಒಂದರ ಹಿಂದೆ ಒಂದು ಕೈಕೊಟ್ಟಿದ್ವು. ಆಗ ನಾವು ವೈರಸ್ ಬಗ್ಗೆ ಮಾತಾಡೋದರಲ್ಲಿ ಮುಳುಗಿದ್ವಿ. ಇದರ ಮೇಲೆ ಒಂದು ಡ್ಯಾಶ್‌ಕ್ಯಾಮ್ ಹಾಕಿಸಿ, ಜಿಪಿಎಸ್ ಟ್ರ್ಯಾಕರ್ ಹಾಕಿಸಿ, ಸೋವಿಗೆ ಸಿಕ್ತು ಅಂತ ಹೊರಗಡೆ ಸ್ಟೀರಿಯೋ ಹಾಕಿಸಿ, ವೈರಿಂಗ್ ಸರಿಯಿಲ್ಲದಿದ್ರೆ ಖರ್ಚು ಎರಡು-ಮೂರು ಪಟ್ಟಾಗುತ್ತೆ.

ಇನ್ನೊಬ್ಬ ಕಳ್ಳ ಸಾಕ್ಷಾತ್ ನಾನೇ. ಮಧ್ಯಾಹ್ನ ಸ್ಕೂಲ್ ಬಿಡೋಕೆ ಇಪ್ಪತ್ತು ನಿಮಿಷ ಮುಂಚೆ ಹೋಗ್ತೀನಿ, ಇಲ್ಲಾಂದ್ರೆ ಪಾರ್ಕಿಂಗ್ ಸಿಗಲ್ಲ. ಎಂಜಿನ್ ಆಫ್. ಇಗ್ನಿಷನ್ ಆನ್. ಫ್ಯಾನ್ ತಿರುಗ್ತಿರುತ್ತೆ, ರೇಡಿಯೋ ಹಾಡ್ತಿರುತ್ತೆ, ಫೋನ್ ಚಾರ್ಜಿಗೆ ಹಾಕಿ ಎದುರಾಳಿ ಚಾನೆಲ್ಲು ಏನು ತೋರಿಸ್ತಿದೆ ಅಂತ ನೋಡ್ತಿರ್ತೀನಿ. ಪೆಟ್ರೋಲ್ ಉಳಿಸ್ತಿದೀನಿ ಅನ್ನೋ ಹೆಮ್ಮೆ ಬೇರೆ. ಇದೆಲ್ಲ ಸೇರಿ 6 ಆಂಪಿಯರ್ ಅಂದ್ರೂ ಇಪ್ಪತ್ತು ನಿಮಿಷಕ್ಕೆ 2 ಆಂಪಿಯರ್ ಅವರ್. ಅಂದ್ರೆ ಇಪ್ಪತ್ತನಾಲ್ಕು ಸಲ ಸೆಲ್ಫ್ ಹೊಡೆದಷ್ಟು! ಅಂಗಡಿಯವರು ಈ ಸಂಖ್ಯೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆದ್ರು.

ಒಟ್ಟು ಖರ್ಚು ದಿನಕ್ಕೆ ಮೂರೂ ಚಿಲ್ಲರೆ ಆಂಪಿಯರ್ ಅವರ್. ಜಮಾ ಎಷ್ಟು? ನಾಲ್ಕು ಓಡಾಟ, ಒಂದೊಂದು ಎಂಟು ನಿಮಿಷ, ಒಟ್ಟು ಅರ್ಧ ಗಂಟೆ. ಅದರಲ್ಲಿ ಅರ್ಧ ಸಿಗ್ನಲ್ಲಿನಲ್ಲಿ. ಎಂಜಿನ್ ಐಡಲ್‌ನಲ್ಲಿದ್ದಾಗ ಆಲ್ಟರ್ನೇಟರ್ ತನ್ನ ಪೂರ್ತಿ ತಾಕತ್ತು ಕೊಡಲ್ಲ. ಕೊಟ್ಟಿದ್ದರಲ್ಲೂ ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನು, ಮಳೆ ಬಂದ್ರೆ ವೈಪರ್ ಮತ್ತು ಹೆಡ್‌ಲೈಟ್ ಮೊದಲು ಪಾಲು ತಗೊಳ್ತವೆ. ಹಳೇ ಥರದ ಹ್ಯಾಲೊಜನ್ ಹೆಡ್‌ಲೈಟ್ ಜೋಡಿಯೇ 9 ಆಂಪಿಯರ್ ತಿನ್ನುತ್ತೆ. ಬ್ಯಾಟರಿಗೆ ಸರಾಸರಿ 4 ಆಂಪಿಯರ್ ಸಿಕ್ತು ಅಂದ್ರೆ ಜಮಾ ಆಗಿದ್ದು 2. ದಿನಕ್ಕೆ ಒಂದು, ಒಂದೂವರೆ ಸಾಲ. ಹೆಚ್ಚೂಕಡಿಮೆ ಇರಬಹುದು, ಇದು ಬೆಂಚಿನ ಮೇಲಿನ ಅಂದಾಜು. ಆದ್ರೆ ಮೂರು ವಾರದಲ್ಲಿ ಟಕ್ ಟಕ್ ಯಾಕೆ ಬಂತು ಅನ್ನೋದಕ್ಕೆ ಇಷ್ಟು ಸಾಕು.

ಇಲ್ಲಿ ಇನ್ನೂ ಒಂದು ಸಂಗತಿ ಇದೆ, ಅದು ದುಡ್ಡಿನ ಲೆಕ್ಕಕ್ಕೆ ಸಿಗಲ್ಲ. ನಮ್ಮ ಕಾರಿನ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಕಂಡುಹಿಡಿದ ಲೆಡ್-ಆಸಿಡ್ ಬ್ಯಾಟರಿಯ ವಂಶದ್ದೇ. ಸೀಸದ ತಟ್ಟೆಗಳು, ನಡುವೆ ಗಂಧಕಾಮ್ಲ. ಕರೆಂಟ್ ಖರ್ಚಾದ ಹಾಗೆ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತೆ. ಚಾರ್ಜ್ ಮಾಡಿದ್ರೆ ಕರಗಿ ಹೋಗುತ್ತೆ. ಆದ್ರೆ ವಾರಗಟ್ಟಲೆ ಹಾಗೇ ಬಿಟ್ರೆ ಗಟ್ಟಿ ಹರಳಾಗಿಬಿಡುತ್ತೆ, ನಮ್ಮ ಬೋರ್‌ವೆಲ್ ನೀರಿಗೆ ಗೀಜರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ ಹಾಗೆ. ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಆ ಜಾಗ ವಾಪಸ್ ಬರಲ್ಲ. 35ರ ಬ್ಯಾಟರಿ 25 ಆಗುತ್ತೆ, 20 ಆಗುತ್ತೆ. ಜೊತೆಗೆ ಬ್ಯಾಟರಿಯ ಸ್ವಭಾವ ನೋಡಿ: ಸುಮಾರು 80 ಪರ್ಸೆಂಟ್‌ವರೆಗೆ ಬೇಗ ತುಂಬ್ಕೊಳ್ಳುತ್ತೆ, ಕೊನೇ 20ಕ್ಕೆ ಗಂಟೆಗಟ್ಟಲೆ ಬೇಕು. ಬರೀ ಹತ್ತು ಹತ್ತು ನಿಮಿಷ ಓಡೋ ಕಾರಿನ ಬ್ಯಾಟರಿ ಆ ಕೊನೇ 20ನ್ನ ಜನ್ಮದಲ್ಲಿ ನೋಡಿರಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಲ್ಲೋ ಕಾರುಗಳಿಗೆ ಇನ್ನೂ ಕಷ್ಟ. ಬ್ಯಾಟರಿ ಚಳಿಗೆ ಸಾಯುತ್ತೆ ಅಂತಾರೆ, ಆದ್ರೆ ಒಳಗೆ ಸವೆಯೋದು ಸೆಖೆಗೆ.

ಹಾಗಾದ್ರೆ ಏನು ಮಾಡೋದು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಹಿರಿಯರು ದಿನಾ ಬೆಳಗ್ಗೆ ಕೆಳಗಿಳಿದು ಬಂದು ಹತ್ತು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿಟ್ಟು ಪೇಪರ್ ಓದ್ತಾರೆ. ಒಳ್ಳೇ ಉದ್ದೇಶ. ಆದ್ರೆ ಐಡಲ್‌ನಲ್ಲಿ ಸಿಗೋ ಚಾರ್ಜ್ ಅಲ್ಪ, ಪೆಟ್ರೋಲ್ ದಂಡ, ಬೇಸ್‌ಮೆಂಟ್ ತುಂಬಾ ವಿಷದ ಹೊಗೆ. ಅದರ ಬದಲು ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸಿ. ಭಾನುವಾರ ಬೆಳಗ್ಗೆ ಆರಕ್ಕೆ ತುಮಕೂರು ರಸ್ತೇಲಿ ನೆಲಮಂಗಲದವರೆಗೆ ಹೋಗಿ ಬಂದ್ರೂ ಆಯ್ತು. ಇದರಿಂದ ಪೂರ್ತಿ 100 ಆಗಲ್ಲ, ಆದ್ರೆ ಸಾಲ ತೀರುತ್ತೆ.

ಪೂರ್ತಿ ತುಂಬಿಸ್ಬೇಕು ಅಂದ್ರೆ ಗೋಡೆಯ ಪ್ಲಗ್ಗಿಗೆ ಹಾಕೋ ಸಣ್ಣ ಆಟೋಮ್ಯಾಟಿಕ್ ಚಾರ್ಜರ್ ಬರುತ್ತೆ. ತುಂಬಿದ ಮೇಲೆ ತಾನೇ ಕರೆಂಟ್ ಕಡಿಮೆ ಮಾಡ್ಕೊಳ್ಳುತ್ತೆ. ಸ್ವಂತ ಮನೆ, ಪೋರ್ಟಿಕೋದಲ್ಲಿ ಪ್ಲಗ್ ಪಾಯಿಂಟ್ ಇರೋರು ತಿಂಗಳಿಗೊಂದು ರಾತ್ರಿ ಹಾಕಿಬಿಡಿ, ನೆಮ್ಮದಿ. ಬೇಸ್‌ಮೆಂಟಿನವರು ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ ನೋಡಿ, ಧೈರ್ಯ ಇದ್ರೆ.

ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗೋ ತಂದೆ-ತಾಯಂದಿರಿಗೆ ಬೇರೆ ದಾರಿ: ಚೆನ್ನಾಗಿ ಚಾರ್ಜ್ ಮಾಡಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟು ಹೋಗಿ. ಬಿಚ್ಚೋವಾಗ ನೆಗೆಟಿವ್ ಮೊದಲು, ಹಾಕೋವಾಗ ನೆಗೆಟಿವ್ ಕೊನೆಗೆ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗುತ್ತೆ, ಹೋಗ್ಲಿ. ಹೊಸ ಕಾರಾದ್ರೆ ಮೊದಲು ಮ್ಯಾನ್ಯುಯಲ್ ನೋಡಿ. ಎಲೆಕ್ಟ್ರಿಕ್ ಕಾರಿನವರು ನಗಬೇಡಿ, ನಿಮ್ಮ ಗಾಡಿಯಲ್ಲೂ ದೊಡ್ಡ ಬ್ಯಾಟರಿ ಪಕ್ಕದಲ್ಲಿ 12 ವೋಲ್ಟಿನ ಸಣ್ಣದೊಂದು ಇರುತ್ತೆ. ಅದು ಕೂತ್ರೆ ನಿಮ್ಮ ಕಾರೂ ಎದ್ದೇಳಲ್ಲ.

ನಾನು ಎಸ್‌ಪಿ ರಸ್ತೆಗೆ ಹೋಗಿ ಕೆಲವು ನೂರು ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ನೋಡ್ಬೇಕು. 12.6ರ ಮೇಲಿದ್ರೆ ತುಂಬಿದೆ. 12.4 ಅಂದ್ರೆ ಮುಕ್ಕಾಲು. 12.2 ಅಂದ್ರೆ ಅರ್ಧ, ಕೂಡಲೇ ಚಾರ್ಜಿಗೆ ಹಾಕಿ. 12ಕ್ಕೆ ಬಂತು ಅಂದ್ರೆ ಇನ್ನೊಂದೆರಡು ದಿನದಲ್ಲಿ ಟಕ್ ಟಕ್ ಗ್ಯಾರಂಟಿ. ಎಂಜಿನ್ ಓಡ್ತಿರುವಾಗ 13.8ರಿಂದ 14.5ರೊಳಗೆ ತೋರಿಸಿದ್ರೆ ಡೈನಮೋ ಸರಿಯಿದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಇದು ಆಗಾಗ ಏರಿಳಿಯುತ್ತೆ, ಗಾಬರಿ ಬೇಡ. ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟಿನ ಥರ ಕಟ್ಟಿದ್ರೆ ವೈರ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆದು, ಒಣಗಿಸಿ, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ನೀರು ಹಾಕೋ ಬ್ಯಾಟರಿಯಾದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರು, ಅಕ್ವಾಗಾರ್ಡ್ ನೀರು ಬೇಡವೇ ಬೇಡ.

ಇಷ್ಟಾದ್ರೂ ಒಂದು ದಿನ ಕೈಕೊಟ್ರೆ? ಗೇರ್ ಕಾರನ್ನ ನಾಲ್ಕು ಜನ ಸೇರಿ ತಳ್ಳಿ ಸೆಕೆಂಡ್ ಗೇರಲ್ಲಿ ಎಬ್ಬಿಸಬಹುದು. ಆಟೋಮ್ಯಾಟಿಕ್ ಕಾರಿಗೆ ಆ ಭಾಗ್ಯ ಇಲ್ಲ, ಜಂಪರ್ ಕೇಬಲ್ಲೇ ಗತಿ. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಕೆಟ್ಟ ಕಾರಿನ ಎಂಜಿನ್ನಿನ ಬರೀ ಲೋಹಕ್ಕೆ, ಬ್ಯಾಟರಿಯಿಂದ ದೂರ. ಯಾಕೆ ಅಂದ್ರೆ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತೆ. ಅದರ ಹತ್ತಿರ ಕಿಡಿ ಹಾರಿದ್ರೆ ಬ್ಯಾಟರಿ ಸಿಡಿಯಬಹುದು, ಆಸಿಡ್ ಕಣ್ಣಿಗೆ ಹಾರಬಹುದು. ಬಿಚ್ಚೋವಾಗ ಇದರ ಉಲ್ಟಾ. ಹಾಗೆ ಎಬ್ಬಿಸಿದ ಮೇಲೆ ಮನೆ ಸುತ್ತ ಒಂದು ರೌಂಡ್ ಹೊಡೆದು ಆಫ್ ಮಾಡಿದ್ರೆ ಮತ್ತೆ ಅದೇ ಕಥೆ.

ನನ್ನ ಬ್ಯಾಟರಿ ಚಾರ್ಜಾಗಿ ವಾಪಸ್ ಬಂದು ಎಂಟು ತಿಂಗಳಾಯ್ತು. ಅದೇ ಬ್ಯಾಟರಿ. ಸ್ಕೂಲ್ ಮುಂದೆ ಈಗ ಕೀ ತೆಗೆದು, ಗ್ಲಾಸ್ ಇಳಿಸಿ, ಹೊರಗೆ ಹೊಂಗೆ ಮರದ ಕೆಳಗೆ ನಿಂತ್ಕೊಳ್ತೀನಿ. ಭಾನುವಾರ ಬೆಳಗ್ಗೆ ಅಮ್ಮ ಮುಂದಿನ ಸೀಟಲ್ಲಿ ಕೂರ್ತಾರೆ, ನೆಲಮಂಗಲದ ಹತ್ತಿರ ಇಡ್ಲಿ ತಿಂದು ಬರ್ತೀವಿ. ಮೊನ್ನೆ ಹೊರಡೋ ಮುಂಚೆ ನಾನು ಬಾನೆಟ್ ಎತ್ತಿ ಮೀಟರ್ ಇಟ್ಟಾಗ ಅಮ್ಮ ಕೇಳಿದ್ರು, "ಎಷ್ಟೋ ಇದೆ ಬಿಪಿ?" 12.5 ಇತ್ತು.