ಎಣಿಸುವವರು ಎದ್ದು ಹೊರಟಾಗ

ಮನಿಲಾ ಎಂದೊಡನೆ ನಮಗೆ ನೆನಪಾಗುವುದು ಮ್ಯಾಗ್ಸೆಸೆ ಪ್ರಶಸ್ತಿ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಆ ಗೌರವ ಸಂದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ಯಾರ ಹೆಸರಿನಲ್ಲಿ ಆ ಪ್ರಶಸ್ತಿ ಇದೆಯೋ ಆ ರಮೋನ್ ಮ್ಯಾಗ್ಸೆಸೆ ಫಿಲಿಪ್ಪೀನ್ಸ್ ದೇಶದ ಅಧ್ಯಕ್ಷರಾಗಿದ್ದವರು. ಅದೇ ಪೀಠವನ್ನು 1965ರ ಕೊನೆಯಲ್ಲಿ ಏರಿ, 20 ವರ್ಷ ಬಿಟ್ಟಿಳಿಯದೆ ಕುಳಿತವರು ಫರ್ಡಿನಾಂಡ್ ಮಾರ್ಕೋಸ್. 1986ರಲ್ಲಿ ಅವರು ನಡೆಸಿದ ಚುನಾವಣೆ ಇಡೀ ಜಗತ್ತಿನ ಪತ್ರಕರ್ತರ ಕಣ್ಣೆದುರೇ ವಿವಾದಕ್ಕೆ ಸಿಲುಕಿತು.

ಇಂದು ಯಾವುದೇ ದೇಶದಲ್ಲಿ ಚುನಾವಣೆ ವಿವಾದವಾದರೆ, ‘ವಿದೇಶಿ ಪತ್ರಿಕೆಗಳು ಏನೆನ್ನುತ್ತವೆ?’ ಎಂದು ನಾವು ಕೇಳುತ್ತೇವೆ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಫಿಲಿಪ್ಪೀನ್ಸ್‌ನ ಕಥೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಮಾರ್ಕೋಸ್ 1972ರಲ್ಲಿ ದೇಶವನ್ನು ಸೇನಾಡಳಿತಕ್ಕೆ ಒಳಪಡಿಸಿ, ಸ್ವತಂತ್ರ ಪತ್ರಿಕೆಗಳ ಬಾಯಿ ಕಟ್ಟಿದರು. 1983ರ ಆಗಸ್ಟ್ 21ರಂದು, ವಿದೇಶದಿಂದ ಮರಳಿದ ವಿರೋಧಿ ನಾಯಕ ಬೆನಿಗ್ನೊ ಅಕಿನೊ ಅವರನ್ನು ಮನಿಲಾದ ವಿಮಾನ ನಿಲ್ದಾಣದಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಅದೇ ವಿಮಾನದಲ್ಲಿ ವಿದೇಶಿ ಪತ್ರಕರ್ತರೂ ಇದ್ದುದರಿಂದ ಸುದ್ದಿ ಮುಚ್ಚಿಡಲಾಗಲಿಲ್ಲ. ಸ್ವದೇಶದಲ್ಲಿ ಜನರ ಸಿಟ್ಟು, ಹೊರಗೆ ಅಪಕೀರ್ತಿ! ಇದಕ್ಕೆ ಮದ್ದೆಂದು ಮಾರ್ಕೋಸ್ ಅವಧಿಗೆ ಮುಂಚೆಯೇ ಚುನಾವಣೆ ಘೋಷಿಸಿದರು. ಘೋಷಿಸಿದ್ದೆಲ್ಲಿ? 1985ರ ನವೆಂಬರಿನಲ್ಲಿ ಅಮೆರಿಕದ ಎ.ಬಿ.ಸಿ. ಟೆಲಿವಿಷನ್ನಿನ ಸಂದರ್ಶನವೊಂದರಲ್ಲಿ! ತಮ್ಮ ಪ್ರಜೆಗಳಿಗಿಂತ ಮೊದಲು ಅಮೆರಿಕದ ವೀಕ್ಷಕರನ್ನು ಒಪ್ಪಿಸುವ ಆತುರ ಅವರಿಗಿತ್ತು.

ಆದರೆ ಕ್ಯಾಮೆರಾ ಒಮ್ಮೆ ಒಳಗೆ ಬಂದರೆ ತೋರಿಸಿದ್ದನ್ನಷ್ಟೇ ನೋಡುವುದಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ‘ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್’, ಮಾರ್ಕೋಸ್ ಮತ್ತು ಅವರ ಆಪ್ತರು ಹೊರದೇಶಗಳಲ್ಲಿ ಕೂಡಿಟ್ಟ ಆಸ್ತಿಯ ಬಗ್ಗೆ ಲೇಖನಮಾಲೆ ಪ್ರಕಟಿಸಿತ್ತು. 1986ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಮಾರ್ಕೋಸ್ ಹೇಳಿಕೊಳ್ಳುತ್ತಿದ್ದ ಯುದ್ಧಕಾಲದ ಗೆರಿಲ್ಲಾ ಸಾಹಸವನ್ನು ಅಮೆರಿಕದ ಸೇನೆಯ ಹಳೆಯ ದಾಖಲೆಗಳು ಸುಳ್ಳೆನ್ನುತ್ತವೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಮತದಾನಕ್ಕೆ ಎರಡು ವಾರ ಮೊದಲು ಬರೆಯಿತು.

1986ರ ಫೆಬ್ರವರಿ 7ರಂದು ಮತದಾನ ನಡೆಯಿತು. ಎದುರಾಳಿ, ಹತ್ಯೆಯಾದ ನಾಯಕನ ಪತ್ನಿ ಕೊರಾಜಾನ್ ಅಕಿನೊ. ಸರ್ಕಾರಿ ಚುನಾವಣಾ ಆಯೋಗ ಒಂದೆಡೆ ಮತ ಎಣಿಸಿದರೆ, ನಾಗರಿಕರ ಸಂಸ್ಥೆಯಾದ ‘ನ್ಯಾಮ್‌ಫ್ರೆಲ್’ ಇನ್ನೊಂದೆಡೆ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿತ್ತು. ಎರಡು ಲೆಕ್ಕಗಳೂ ಬೇರೆಬೇರೆ. ಅಂತಿಮವಾಗಿ ಸರ್ಕಾರಿ ಲೆಕ್ಕದಲ್ಲಿ ಮಾರ್ಕೋಸ್‌ಗೆ ಸುಮಾರು 1 ಕೋಟಿ 8 ಲಕ್ಷ, ಅಕಿನೊಗೆ 93 ಲಕ್ಷ. ಎಲ್ಲ ಮತಗಟ್ಟೆಗಳ ವರದಿ ಕೈಗೆ ಸಿಗದ ನ್ಯಾಮ್‌ಫ್ರೆಲ್‌ನ ಲೆಕ್ಕದಲ್ಲಿ ಅಕಿನೊಗೆ 78 ಲಕ್ಷ, ಮಾರ್ಕೋಸ್‌ಗೆ 70 ಲಕ್ಷ.

ಫೆಬ್ರವರಿ 9ರ ರಾತ್ರಿ ಯಾರೂ ಎಣಿಸದ ಘಟನೆ ನಡೆಯಿತು. ಆಯೋಗದ ಎಣಿಕೆ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಮೂವತ್ತಕ್ಕೂ ಹೆಚ್ಚು ನೌಕರರು, ಬಹುಪಾಲು ಹೆಣ್ಣುಮಕ್ಕಳು, ಎದ್ದು ಹೊರನಡೆದರು. ತಮ್ಮ ಯಂತ್ರದಲ್ಲಿ ಬರುತ್ತಿದ್ದ ಅಂಕಿಗೂ ಫಲಕದ ಮೇಲೆ ತೋರಿಸುತ್ತಿದ್ದ ಅಂಕಿಗೂ ತಾಳೆಯಿಲ್ಲ ಎಂಬುದು ಅವರ ದೂರು. ಬಾಕ್ಲಾರಾನ್ ಚರ್ಚಿನಲ್ಲಿ ಆಶ್ರಯ ಪಡೆದು, ಅಳುತ್ತಲೇ ಪತ್ರಕರ್ತರೊಡನೆ ಮಾತನಾಡಿದರು. ಆ ದೃಶ್ಯ ಪ್ರಪಂಚವನ್ನೆಲ್ಲ ಸುತ್ತಿತು.

ಇಷ್ಟಾದರೂ ಸರ್ಕಾರಗಳ ನಾಲಿಗೆ ಪತ್ರಿಕೆಗಳ ಲೇಖನಿಯಷ್ಟು ಚುರುಕಾಗಿರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಸೂಬಿಕ್ ಮತ್ತು ಕ್ಲಾರ್ಕ್ ಎಂಬ ದೊಡ್ಡ ಸೇನಾ ನೆಲೆಗಳನ್ನು ಹೊಂದಿದ್ದ ಅಮೆರಿಕದ ಅಧ್ಯಕ್ಷ ರೇಗನ್, ಮೋಸ ಎರಡೂ ಕಡೆಯಿಂದ ಆಗಿರಬಹುದು ಎಂದುಬಿಟ್ಟರು! ವೀಕ್ಷಕರಾಗಿ ಹೋಗಿದ್ದ ಅವರದೇ ಪಕ್ಷದ ಸೆನೆಟರ್ ರಿಚರ್ಡ್ ಲೂಗರ್ ಕಂಡು ಬಂದದ್ದು ಬೇರೆ. ಟೀಕೆ ಹೆಚ್ಚಿದ ಮೇಲೆ, ಅಕ್ರಮ ಬಹುಮಟ್ಟಿಗೆ ಆಳುವ ಪಕ್ಷದ್ದೇ ಎಂದು ಶ್ವೇತಭವನ ಮಾತು ತಿದ್ದಿಕೊಂಡಿತು. ಸೋವಿಯತ್ ರಾಯಭಾರಿಯಂತೂ ಮಾರ್ಕೋಸ್‌ರನ್ನು ಅಭಿನಂದಿಸಿಯೇ ಬಂದರು. ಹೊರಗಿನವರ ಅಭಿಪ್ರಾಯದ ಹಿಂದೆ ಅವರವರ ಲಾಭನಷ್ಟದ ಲೆಕ್ಕವೂ ಇರುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಗೆ ತೀರ್ಪು ಕೊಟ್ಟವರು ಆ ದೇಶದ ಜನರೇ. ಫೆಬ್ರವರಿ 22ರಂದು ರಕ್ಷಣಾ ಸಚಿವ ಎನ್ರಿಲೆ ಮತ್ತು ಸೇನಾಧಿಕಾರಿ ರಾಮೋಸ್ ಮಾರ್ಕೋಸ್‌ರ ಕೈಬಿಟ್ಟರು. ಅವರಿಗೆ ಬೆಂಬಲವಾಗಿ ನಿಲ್ಲಿ ಎಂದು ಕಾರ್ಡಿನಲ್ ಸಿನ್ ಕೊಟ್ಟ ಕರೆಯನ್ನು ಚರ್ಚಿನ ರೇಡಿಯೋ ವೆರಿಟಾಸ್ ಬಿತ್ತರಿಸಿತು. ಲಕ್ಷಾಂತರ ಜನ ಎಡ್ಸಾ ಹೆದ್ದಾರಿಯಲ್ಲಿ ಟ್ಯಾಂಕುಗಳಿಗೆ ಅಡ್ಡ ನಿಂತರು. 25ರ ರಾತ್ರಿ ಮಾರ್ಕೋಸ್ ಅರಮನೆ ತೊರೆದರು. ಅಮೆರಿಕದ ನೆರವಿನಿಂದಲೇ ಹವಾಯಿ ಸೇರಿದರು.

2022ರಲ್ಲಿ ಮಾರ್ಕೋಸ್‌ರ ಮಗನೇ ಭಾರಿ ಬಹುಮತದಿಂದ ಅಧ್ಯಕ್ಷನಾಗಿ ಆಯ್ಕೆಯಾದಾಗ, 1986ನ್ನು ಕೊಂಡಾಡಿದ್ದ ವಿದೇಶಿ ಪತ್ರಿಕೆಗಳು ಬೆರಗಾದವು. ಪರದೇಶದ ಪತ್ರಕರ್ತ ಕಂಡದ್ದನ್ನು ಹೇಳಬಲ್ಲ. ಒಂದು ನಾಡಿನ ನೆನಪನ್ನು ಅವನು ಕಾಯಲಾರ.

ಹಾಗಾಗಿ ವಿದೇಶಿ ವರದಿಯನ್ನು ಓದೋಣ, ತೂಗಿ ನೋಡೋಣ. ಅದನ್ನೇ ತೀರ್ಪೆಂದು ತಲೆಯ ಮೇಲೆ ಹೊರುವುದೂ ಬೇಡ, ಪಿತೂರಿ ಎಂದು ತಳ್ಳುವುದೂ ಬೇಡ. ನಮ್ಮ ಓದುಗರಲ್ಲೂ ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರು, ಬ್ಯಾಂಕ್ ನೌಕರರು ಅನೇಕರಿದ್ದಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಲೆಕ್ಕ ಸರಿಹೊಂದಿಸುವ ಆ ಕೆಲಸ ಬೇಸರದ್ದೇ ನಿಜ. ಆದರೆ ಮನಿಲಾದ ಆ ಹೆಣ್ಣುಮಕ್ಕಳು ಮಾಡುತ್ತಿದ್ದುದೂ ಅದೇ ಕೆಲಸವನ್ನು. ಲೆಕ್ಕ ತಪ್ಪಿದೆ ಎಂದು ಎದ್ದು ನಿಲ್ಲುವ ಧೈರ್ಯ ಅಲ್ಲಿದ್ದುದರಿಂದಲೇ ಪ್ರಪಂಚದ ಪತ್ರಿಕೆಗಳಿಗೆ ಬರೆಯಲು ಸತ್ಯವೊಂದು ಸಿಕ್ಕಿತು.