ಅಂಟು ಹಚ್ಚುವ ಮುನ್ನ

ಬೀದರ್ ವಾಯುನೆಲೆಯ ಸೂರ್ಯಕಿರಣ ತಂಡದ ಹೆಸರು ನೀವು ಕೇಳಿರಬಹುದು. 1996ರಲ್ಲಿ ರೂಪುಗೊಂಡ ಈ ತಂಡ ಮೊದಲು ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು. 2011ರಲ್ಲಿ ನಿಂತಿದ್ದ ಪ್ರದರ್ಶನಗಳು 2015ರಲ್ಲಿ ಹಾಕ್ ವಿಮಾನಗಳೊಡನೆ ಮತ್ತೆ ಆರಂಭವಾದವು. ದುಬಲಗುಂಡಿ, ಹುಮನಾಬಾದ್, ಬಸವಕಲ್ಯಾಣದ ಶಾಲಾ ವಿಜ್ಞಾನ ಸಂಘಗಳು ಪ್ಲಾಸ್ಟಿಕ್ ಕಿಟ್‌ನಿಂದ ಮೊದಲ ಮಾದರಿ ಜೋಡಿಸುವುದಾದರೆ ಹಾಕ್ ಒಳ್ಳೆಯ ಆಯ್ಕೆ. ಅದರ ಉದ್ದ 12.43 ಮೀಟರ್, ರೆಕ್ಕೆಯ ಹರವು 9.94 ಮೀಟರ್. 1:72 ಅನುಪಾತದಲ್ಲಿ ಇವು ಸುಮಾರು 17.3 ಮತ್ತು 13.8 ಸೆಂಟಿಮೀಟರ್ ಆಗುತ್ತವೆ.

ಪೆಟ್ಟಿಗೆ ತೆರೆದೊಡನೆ ಅಂಟಿಗೆ ಕೈ ಹಾಕಬೇಡಿ. ಕಿಟ್‌ನ ಭಾಗಗಳು ಪಾಲಿಸ್ಟೈರೀನ್‌ನಿಂದ ಆದವು. ಇದಕ್ಕೆ ಬಳಸುವ ಅಂಟು ಕಾಗದಕ್ಕೆ ಹಚ್ಚುವ ಗೋಂದಿನಂತಲ್ಲ. ಅದರಲ್ಲಿರುವ ದ್ರಾವಕ ಎರಡೂ ಅಂಚುಗಳನ್ನು ಕರಗಿಸುತ್ತದೆ. ಉದ್ದನೆಯ ಅಣುಸರಪಳಿಗಳು ಪರಸ್ಪರ ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾದ ಮೇಲೆ ಎರಡು ಭಾಗ ಒಂದೇ ಆಗಿರುತ್ತದೆ. ಅಂದರೆ ಇದು ಒಂದು ಬಗೆಯ ಬೆಸುಗೆ. ತಪ್ಪಾಗಿ ಕೂಡಿಸಿದ್ದನ್ನು ಬಿಡಿಸುವುದು ಕಷ್ಟ.

ಆದ್ದರಿಂದ ಸಿದ್ಧತೆಯೇ ಅರ್ಧ ಕೆಲಸ. ಭಾಗಗಳನ್ನು ಸಾಬೂನು ಬೆರೆಸಿದ ತಣ್ಣೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಕೈಯಿಂದ ಮುರಿಯದೆ ಕಟರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಮರಳು ಕಾಗದದಿಂದ ಉಜ್ಜಿ. ಅಂಟಿಲ್ಲದೆ ಜೋಡಿಸಿ ನೋಡಿ.

ಮುಖ್ಯವಾದ ಇನ್ನೊಂದು ಪರೀಕ್ಷೆಯಿದೆ. ಹಾಕ್ ಮೂರು ಗಾಲಿಗಳ ವಿಮಾನ. ಟೊಳ್ಳು ಮಾದರಿಯ ಗುರುತ್ವಕೇಂದ್ರ ಹಿಂದಿನ ಜೋಡಿ ಗಾಲಿಗಳಿಗಿಂತ ಹಿಂದೆ ಬಿದ್ದರೆ ಅದು ಬಾಲದ ಮೇಲೆ ಕುಳಿತುಬಿಡುತ್ತದೆ. ಎಲ್ಲ ಭಾಗಗಳನ್ನು ಟೇಪಿನಿಂದ ಹಿಡಿಸಿ, ಜೋಡಿ ಗಾಲಿಗಳು ಬರುವ ಜಾಗದ ಕೆಳಗೆ ಪೆನ್ಸಿಲ್ ಇಟ್ಟು ತೂಗಿ. ಮೂತಿ ಕೆಳಗೆ ವಾಲುವವರೆಗೆ ಅದರ ಮೇಲೆ ಸಣ್ಣ ಉಕ್ಕಿನ ನಟ್ಟುಗಳನ್ನು ಅಂಟಿಸುತ್ತ ಹೋಗಿ. ಇಲ್ಲಿ ಸನ್ನೆಗೋಲಿನ ನಿಯಮವೇ ನಡೆಯುತ್ತದೆ: ಪೆನ್ಸಿಲಿನಿಂದ 6 ಸೆಂಟಿಮೀಟರ್ ಮುಂದಿಟ್ಟ 2 ಗ್ರಾಂ, 3 ಸೆಂಟಿಮೀಟರ್ ಮುಂದಿಟ್ಟ 4 ಗ್ರಾಂಗೆ ಸಮ. ಅಷ್ಟು ನಟ್ಟುಗಳಿಗೆ ಇನ್ನೊಂದನ್ನು ಸೇರಿಸಿ, ಮೂತಿಯೊಳಗೆ ಭದ್ರಪಡಿಸಿ. ಒಡಲನ್ನು ಮುಚ್ಚಿದ ಮೇಲೆ ಒಳಗೆ ಭಾರ ಇಡಲು ದಾರಿಯಿರುವುದಿಲ್ಲ.

ಈಗ ಅಂಟು ತೆಗೆದುಕೊಳ್ಳಿ. ತೆಳುವಾದ ಅಂಟಾದರೆ ಕೂಡಿಸಿ ಹಿಡಿದ ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು. ಲೋಮನಾಳ ಕ್ರಿಯೆಯಿಂದ ಅದು ತಾನೇ ಒಳಗೆ ಹರಿಯುತ್ತದೆ. ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ವಿಕಾರವಾಗುತ್ತದೆ. ಇದರ ಆವಿ ಹಾನಿಕರ, ಬೇಗ ಹೊತ್ತಿಕೊಳ್ಳುವಂಥದು. ಕಿಟಕಿ ತೆರೆದಿಡಿ, ದೀಪ ಮತ್ತು ಒಲೆಯಿಂದ ದೂರವಿರಿ. ಮಕ್ಕಳ ಜೊತೆ ಶಿಕ್ಷಕರೊಬ್ಬರು ಇರಲೇಬೇಕು. ಒಂದು ರಾತ್ರಿ ಒಣಗಿದ ಮೇಲೆಯೇ ಬಣ್ಣ ಹಚ್ಚಿ.