ಥೈರಾಯಿಡ್ ಮಾತ್ರೆ: ಮೊದಲ ಆರು ವಾರ ಕಳೆಯುವುದು ಹೇಗೆ?

ಬೆಳಗಾಗೆದ್ದರೆ ಮೈಯೆಲ್ಲ ಭಾರ. ಮುಖ ಊದಿಕೊಂಡಂತೆ. ತಲೆ ಬಾಚಿದರೆ ಕೈ ತುಂಬ ಕೂದಲು. ಎಲ್ಲರೂ ಸೆಖೆ ಎನ್ನುವಾಗ ನಿಮಗೆ ಮಾತ್ರ ಹೊದಿಕೆ ಬೇಕು. ಮುಟ್ಟು ಬಂದರೆ ಎಂಟು ಹತ್ತು ದಿನ ನಿಲ್ಲದು. ಇಷ್ಟಾದರೂ ಮನೆಯವರ ಬಾಯಲ್ಲಿ ನೀವು 'ಸೋಮಾರಿ'! ಕೊನೆಗೊಂದು ದಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಥೈರಾಯಿಡ್ ಕಡಿಮೆ ಇದೆಯಮ್ಮ, ದಿನಾ ಒಂದು ಮಾತ್ರೆ ತಗೊಳ್ಳಿ" ಎನ್ನುತ್ತಾರೆ. ಚೀಟಿ ಹಿಡಿದು ಮನೆಗೆ ಬರುವಾಗ ಎಷ್ಟೊಂದು ಸಮಾಧಾನ! ಇದು ಸೋಮಾರಿತನವಲ್ಲ, ಕಾಯಿಲೆ. ಅದಕ್ಕೆ ಔಷಧವೂ ಇದೆ. ಇನ್ನೇನು, ನಾಳೆಯಿಂದ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತೀರಿ.

ನಾಳೆ ಸರಿಹೋಗುವುದಿಲ್ಲ. ನಾಡಿದ್ದೂ ಇಲ್ಲ. ಈ ಮಾತನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ನಾನು ಪಟ್ಟ ಪಾಡು ತಪ್ಪುತ್ತಿತ್ತು.

ನಾನು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು. ನನಗೆ ಮಾತ್ರೆ ಶುರುವಾದದ್ದು ಕಡಲೆಕಾಯಿ ಬಿತ್ತನೆಯ ಕಾಲದಲ್ಲಿ. ಎರಡು ವಾರ ತಪ್ಪದೆ ನುಂಗಿದೆ. ಆಯಾಸ ಹೋಗಲಿಲ್ಲ, ಕೂದಲು ಮೊದಲಿಗಿಂತ ಜಾಸ್ತಿಯೇ ಉದುರಿತು. "ದಿನಾ ಮಾತ್ರೆ ನುಂಗಿದ್ರೆ ಅದೇ ಅಭ್ಯಾಸ ಆಗಿಬಿಡುತ್ತೆ ಕಣೇ, ನಾಕು ದಿನ ಬಿಟ್ಟು ನೋಡು" ಅಂದರು ನಮ್ಮತ್ತೆ. ಬಿಟ್ಟೆ. ಒಂದು ವಾರ ಏನೂ ವ್ಯತ್ಯಾಸ ಕಾಣಲಿಲ್ಲ! "ನೋಡಿದ್ರಾ ಅತ್ತೆ, ಮಾತ್ರೆ ಇಲ್ಲದೆಯೂ ಹಾಗೇ ಇದ್ದೀನಿ" ಅಂತ ಹೆಮ್ಮೆಯಿಂದ ಹೇಳಿದೆ. ಆದರೆ ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ಒಲೆಯ ಮುಂದೆ ಕೂತವಳಿಗೆ ಮುದ್ದೆ ತಿರುವುವಷ್ಟು ತ್ರಾಣ ಉಳಿದಿರಲಿಲ್ಲ. ಅತ್ತೆಯೇ ಬಂದು ಕೈಯಿಂದ ಕೋಲು ತೆಗೆದುಕೊಂಡರು. ಮಾರನೆಯ ದಿನ ಹಿರಿಯೂರಿನ ಬಸ್ಸು ಹತ್ತಿಸಿದವರೂ ಅವರೇ.

ನಾನು ಎಡವಿದ್ದು ಎಲ್ಲಿ ಎಂಬುದು ಆಮೇಲೆ ಅರ್ಥವಾಯಿತು. ನಿಮಗೂ ಹೇಳುತ್ತೇನೆ, ಕೇಳಿ.

ಕಣಿವೆ ತುಂಬುವ ಲೆಕ್ಕ

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಪುಟ್ಟ ಗ್ರಂಥಿಯಿದೆ. ಅದೇ ಥೈರಾಯಿಡ್. ಮೈಯ ಕಾವು, ಹೃದಯದ ಬಡಿತ, ಜೀರ್ಣಶಕ್ತಿ, ಮುಟ್ಟು ಎಲ್ಲವೂ ಅದು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನಿನ ಹದದಲ್ಲಿ ನಡೆಯುತ್ತವೆ. ಗ್ರಂಥಿ ಸೋತಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ "ಏಳೇ, ಕೆಲಸ ಮಾಡೇ" ಎಂದು ಕೂಗು ಹಾಕುತ್ತದೆ. ಆ ಕೂಗೇ ನಿಮ್ಮ ರಕ್ತದ ವರದಿಯಲ್ಲಿರುವ ಟಿ.ಎಸ್.ಎಚ್. ಗ್ರಂಥಿ ಸೋತಷ್ಟೂ ಕೂಗು ಜೋರು, ವರದಿಯ ಅಂಕಿಯೂ ದೊಡ್ಡದು.

ಮಾತ್ರೆಯಲ್ಲಿರುವುದು ಅದೇ ಥೈರಾಕ್ಸಿನ್. ನೋವಿನ ಮಾತ್ರೆಯಂತೆ ಅದು ಗಂಟೆಯಲ್ಲಿ ಕೆಲಸ ತೋರಿಸುವುದಿಲ್ಲ. ಇಂದು ರಕ್ತ ಸೇರಿದ ಹಾರ್ಮೋನಿನಲ್ಲಿ ಅರ್ಧದಷ್ಟು ಏಳು ದಿನ ಕಳೆದರೂ ಅಲ್ಲೇ ಇರುತ್ತದೆ. ದಿನದಿನದ ಮಾತ್ರೆ ಒಂದರ ಮೇಲೊಂದು ಕೂಡಿಕೊಂಡು, ಮಟ್ಟ ಒಂದು ಕಡೆ ನಿಲ್ಲಲು ಸುಮಾರು ಆರು ವಾರ ಬೇಕು.

ನಮ್ಮ ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಜಲಾಶಯ 1933ರಲ್ಲಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿಯಲು 2022 ಬರಬೇಕಾಯಿತು. ಅದಕ್ಕೆ 89 ವರ್ಷ ಕಾದ ಸೀಮೆಯವರು ನಾವು, ಆರು ವಾರ ಕಾಯಲಾರೆವೇ!

ತುಂಬುವುದು ನಿಧಾನವಾದರೆ ಇಳಿಯುವುದೂ ನಿಧಾನ. ನಾನು ಮಾತ್ರೆ ಬಿಟ್ಟ ವಾರ ಚೆನ್ನಾಗಿದ್ದದ್ದು ಅದುವರೆಗೆ ನುಂಗಿದ್ದರ ಪುಣ್ಯದಿಂದ. ಅದು ತಿಳಿಯದೆ "ಮಾತ್ರೆಯಿಂದ ಉಪಯೋಗವಿಲ್ಲ" ಎಂದು ತೀರ್ಮಾನಿಸಿದೆ. ನೀವು ಹಾಗೆ ಮೋಸಹೋಗಬೇಡಿ.

ಬೆಳಗಿನ ಆ ಒಂದು ಗಂಟೆ

ಮಾತ್ರೆ ನುಂಗುವ ಕ್ರಮ ಸುಲಭ, ಆದರೆ ಕಟ್ಟುನಿಟ್ಟು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಬೇರೇನೂ ಬೇಡ. ಕಾಫಿಯೂ ಬೇಡ! ಕಾಫಿ, ಹಾಲು, ತಿಂಡಿ ಯಾವುದೇ ಆದರೂ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ.

ಕಾಫಿ ಕುಡಿಯದೆ ಕೈಕಾಲೇ ಆಡುವುದಿಲ್ಲವೇ? ನನಗೂ ಹಾಗೇ ಇತ್ತು. ಈಗ ಹಾಸಿಗೆಯ ಪಕ್ಕದಲ್ಲೇ ಒಂದು ಲೋಟ ನೀರು, ಮಾತ್ರೆ ಇಟ್ಟುಕೊಂಡು ಮಲಗುತ್ತೇನೆ. ಎದ್ದು ನುಂಗಿ, ಅಂಗಳ ಗುಡಿಸಿ, ರಂಗೋಲಿ ಹಾಕಿ, ನೀರು ಹಿಡಿದು, ಸ್ನಾನ ಮುಗಿಸುವಷ್ಟರಲ್ಲಿ ಗಂಟೆ ಕಳೆದೇ ಹೋಗಿರುತ್ತದೆ. ಆಮೇಲಿನ ಕಾಫಿಗೆ ರುಚಿಯೂ ಜಾಸ್ತಿ!

ರಾಗಿ ಅಂಬಲಿ ಕುಡಿಯುವವರೂ ಅಷ್ಟು ಹೊತ್ತು ತಡೆಯಿರಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ರಾಗಿ ಬಿಡಬೇಕಿಲ್ಲ, ಹೊತ್ತು ನೋಡಿ ತಿಂದರಾಯಿತು. ಸುಣ್ಣದ ಅಂಶದ ಮಾತ್ರೆ, ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆ, ಹೊಟ್ಟೆ ಉರಿಗೆ ಕುಡಿಯುವ ಆಮ್ಲನಾಶಕ ಇವನ್ನು ಮಾತ್ರ ಥೈರಾಯಿಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿಡಿ. ಮುಟ್ಟು ಹೆಚ್ಚಾಗಿ ಹೋಗುವವರಿಗೆ ಎರಡು ಚೀಟಿಯೂ ಒಟ್ಟಿಗೆ ಇರುತ್ತದೆ. ಬೆಳಿಗ್ಗೆ ಥೈರಾಯಿಡ್, ಮಧ್ಯಾಹ್ನ ಕಬ್ಬಿಣಾಂಶ ಎಂದು ಹಂಚಿಕೊಳ್ಳಿ.

ಉಪವಾಸದ ದಿನ? ಶಿವರಾತ್ರಿಯಾಗಲಿ ಏಕಾದಶಿಯಾಗಲಿ, ಔಷಧ ಬಿಡಬೇಡಿ. ರಂಜಾನ್ ಉಪವಾಸ ಮಾಡುವ ಸೋದರಿಯರು ಹೊತ್ತು ಬದಲಿಸುವ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಲಿ. ಸೀಸೆಯನ್ನು ಒಲೆಯ ಹತ್ತಿರವೋ ಬಿಸಿಲು ಬೀಳುವ ಕಿಟಕಿಯಲ್ಲೋ ಇಡಬೇಡಿ, ಮುಚ್ಚಳ ಬಿಗಿಯಾಗಿರಲಿ.

ವಾರ ವಾರಕ್ಕೆ ಏನೇನು?

ಮೊದಲ ವಾರ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಎರಡು ಮೂರನೇ ವಾರಗಳಲ್ಲಿ ಮಲಬದ್ಧತೆ ಸಡಿಲಾಗಬಹುದು, ಮುಖದ ಊತ ಇಳಿಯಬಹುದು. ಮಧ್ಯಾಹ್ನದ ತೂಕಡಿಕೆ ಒಂದು ದಿನ ಇಲ್ಲ, ಮರುದಿನ ಮತ್ತೆ ಹಾಜರ್! ಹೀಗೆ ಏರಿಳಿತವಾಗುವುದು ಸಹಜ. ನಾಲ್ಕು ಐದನೇ ವಾರಕ್ಕೆ ಚಳಿ ಕಡಿಮೆಯಾಗಿ, ಕೆಲಸ ಕೈಗೆ ಹತ್ತತೊಡಗುತ್ತದೆ.

ಕೂದಲು, ಚರ್ಮ ಮಾತ್ರ ತಿಂಗಳುಗಟ್ಟಲೆ ಕಾಯಿಸುತ್ತವೆ. ಶುರುವಿನಲ್ಲಿ ಕೂದಲು ಇನ್ನಷ್ಟು ಉದುರಿದರೂ ಗಾಬರಿಯಾಗಬೇಡಿ. ತೂಕದ ವಿಷಯದಲ್ಲಿ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ; ಮೈಯಲ್ಲಿ ನಿಂತ ನೀರು ಇಳಿದು ಕೆಲವು ಕಿಲೋ ಕಡಿಮೆಯಾಗಬಹುದು, ಅಷ್ಟೇ. ಇದು ತೆಳ್ಳಗಾಗುವ ಔಷಧವಲ್ಲ.

ಆರರಿಂದ ಎಂಟು ವಾರದೊಳಗೆ ಮತ್ತೆ ರಕ್ತ ಪರೀಕ್ಷೆಯಾಗಬೇಕು. ಅದನ್ನು ತಪ್ಪಿಸಬೇಡಿ, ಎರಡನೇ ವಾರಕ್ಕೇ ಓಡಲೂ ಬೇಡಿ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಅದು ವರದಿಯನ್ನು ಏರುಪೇರು ಮಾಡುತ್ತದೆ. ಮೊದಲ ಪರೀಕ್ಷೆಯ ನಂತರ ಪ್ರಮಾಣ ಬದಲಿಸುವುದು ಮಾಮೂಲು. ಬದಲಾದರೆ ಮತ್ತೆ ಆರು ವಾರ!

ಡಾಕ್ಟರಿಗೆ ತಡಮಾಡದೆ ಹೇಳಬೇಕಾದದ್ದು

ಎದೆ ಡವಡವ ಬಡಿಯುವುದು, ಕೈ ನಡುಗುವುದು, ನಿದ್ದೆ ಹತ್ತದಿರುವುದು, ಬೆವರು, ಭೇದಿ ಇವು ಪ್ರಮಾಣ ಹೆಚ್ಚಾದ ಸೂಚನೆ ಇರಬಹುದು. ನೀವೇ ಅರ್ಧ ಮಾಡಿಕೊಳ್ಳದೆ ಡಾಕ್ಟರಿಗೆ ತಿಳಿಸಿ. ಎದೆನೋವು ಬಂದರಂತೂ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ವಯಸ್ಸಾದವರಿಗೆ, ಹೃದಯದ ತೊಂದರೆಯಿದ್ದವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡುವುದು ಇದಕ್ಕೇ. ಪಕ್ಕದ ಮನೆಯಾಕೆಯ 100ರ ಮಾತ್ರೆ ನಿಮಗಲ್ಲ.

ಮುಟ್ಟು ನಿಂತು ಬಸಿರೆಂದು ತಿಳಿದರೆ ಮಾತ್ರೆ ಖಂಡಿತ ನಿಲ್ಲಿಸಬೇಡಿ, ಕೂಡಲೇ ಡಾಕ್ಟರನ್ನು ಕಾಣಿ. ಮೊದಲ ಮೂರು ತಿಂಗಳು ಮಗುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸುತ್ತಾರೆ. ಮೊಲೆಯೂಡಿಸುವಾಗಲೂ ಮಾತ್ರೆ ಮುಂದುವರಿಸಬಹುದು.

ಬಂದವರೆಲ್ಲ ಹೇಳುವ ಮಾತು

"ಎಲೆಕೋಸು ಮುಟ್ಟಬೇಡ" ಎನ್ನುತ್ತಾರೆ. ಬೇಯಿಸಿ, ಹಿತಮಿತವಾಗಿ ತಿಂದರೆ ಭಯವಿಲ್ಲ. "ಅಯೋಡಿನ್ ಉಪ್ಪು ತಿಂದರೆ ಸಾಕಲ್ಲ?" ಎನ್ನುತ್ತಾರೆ. ಅಯೋಡಿನ್ ಕೊರತೆಯ ಗಳಗಂಡವನ್ನು ತಡೆಯಲು ನಮ್ಮ ದೇಶದಲ್ಲಿ 1962ರಲ್ಲೇ ಕಾರ್ಯಕ್ರಮ ಶುರುವಾಯಿತು. ಆ ಉಪ್ಪು ಬೇಕೇ ಬೇಕು. ಆದರೆ ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯಿಡ್ ಸೋಲಲು ಮುಖ್ಯ ಕಾರಣ, ಮೈಯ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಜಪಾನಿನ ಹಶಿಮೋಟೋ ಎಂಬ ವೈದ್ಯರು 1912ರಲ್ಲಿ ಇದನ್ನು ವಿವರಿಸಿದರು. ಉಪ್ಪು ಇದನ್ನು ಗುಣಪಡಿಸದು.

"ಜೀವಮಾನವೆಲ್ಲ ಮಾತ್ರೆಯೇ?" ಹಲವರಿಗೆ ಹೌದು. 1891ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಜಾರ್ಜ್ ಮರ್ರೆ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯಿಡ್ ರಸದಿಂದ ಚಿಕಿತ್ಸೆ ಶುರುಮಾಡಿದರು. ಆಕೆ ಆ ಔಷಧದ ಬಲದಲ್ಲೇ ಇನ್ನೂ 28 ವರ್ಷ ಬಾಳಿದರು. ಮೈಗೆ ಬೇಕಾದದ್ದನ್ನು ಮೈಗೆ ಕೊಡುವುದು ಚಟವಲ್ಲ.

ಎರಡನೇ ಸಲ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾ ಬಂದೆ. ಮರೆತ ದಿನ ಅತ್ತೆಯೇ ನೆನಪಿಸುತ್ತಿದ್ದರು. ನಲವತ್ತೆರಡು ಗೀಟು ತುಂಬಿದ ಹೊತ್ತಿಗೆ ಮುದ್ದೆ ಕೋಲು ಮತ್ತೆ ನನ್ನ ಕೈಗೆ ಬಂದಿತ್ತು. ನೀವೂ ಇಂದೇ ಮೊದಲ ಗೀಟು ಹಾಕಿ. ನಡುವೆ ಎಷ್ಟೇ ಬೇಸರ ಬಂದರೂ, ಆರು ವಾರ ತುಂಬುವ ಮೊದಲು ಮಾತ್ರೆಯ ಮೇಲೆ ತೀರ್ಪು ಕೊಡಬೇಡಿ.